ಹೊಲಿಗೆ ಹಾಕಿಸಿಕೊಂಡ ಇಲಿ

ಕೂತಲ್ಲಿ ಕೂರಲಾರದ ಜನ್ಮ ನನ್ನದು. ಹಾಲು ಕಾಯೋಕೆ ಇಟ್ಟರೆ ಉಕ್ಕೋ ತನಕ ನಿಲ್ಲೋ ತಾಳ್ಮೆ ಇಲ್ಲದೆ ಆಚೆ ಹೋಗಿ, ಉಕ್ಕಿದ ಮೇಲೆ ಒಳಗೆ ಓಡಿ ಬರೋನು. ಇಂಥವನ ಹಣೆಯಲ್ಲಿ ದೇವರು ಬರೆದ ಕೆಲಸ ಯಾವುದು ಗೊತ್ತೇ? ಇಲಿಗೆ ಲಿವರ್ ಕಸಿ ಮಾಡೋದು!

ಎಂಬತ್ತರ ದಶಕದ ಮಾತು, ಕೊಯಮತ್ತೂರಿನ ಒಂದು ಪ್ರಯೋಗಶಾಲೆ. ಒಂದು ಇಲಿಯ ಲಿವರ್ ತೆಗೆದು, ಅದರಲ್ಲಿ ಅರ್ಧದಷ್ಟು ಕತ್ತರಿಸಿ, ಉಳಿದ ತುಂಡನ್ನು ಇನ್ನೊಂದು ಇಲಿಯ ಹೊಟ್ಟೆಯಲ್ಲಿ ಕೂರಿಸಬೇಕು. ಸರಿಯಾಗಿ ಕೂತರೆ ತಾನೇ ಬೆಳೆದುಕೊಳ್ಳುತ್ತೆ. ಕೂರಬೇಕಲ್ಲ! ರಕ್ತನಾಳ ಅಂದರೆ ಬೆಂದ ಶ್ಯಾವಿಗೆ ಎಳೆ. ಅದಕ್ಕೊಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಇನ್ನೊಂದು ನಾಳದೊಳಗೆ ತೂರಿಸಿ, ದಾರ ಬಿಗಿಯಬೇಕು. ಅದೂ ಬೇಗ, ಯಾಕಂದರೆ ರಕ್ತ ನಿಲ್ಲಿಸಿದ ಮೇಲೆ ಇಲಿ ನಮ್ಮ ಅನುಕೂಲ ನೋಡೋದಿಲ್ಲ. ನನ್ನ ಇಲಿಗಳೆಲ್ಲ ಮೇಜಿನ ಮೇಲೇ ಶಿವನ ಪಾದ ಸೇರಿದವು. ನಮ್ಮ ಮುಖ್ಯಸ್ಥರು ಮೆತ್ತಗೆ ತಮಿಳಲ್ಲಿ ಹೇಳಿದರು, "ಸೋಮವಾರ ಬರ್ತೀನಪ್ಪಾ. ಬದುಕಿರೋ ಒಂದೇ ಒಂದು ಇಲಿ ತೋರಿಸು. ಇಲ್ಲಾಂದ್ರೆ ಈ ರೂಮು ಬೇರೆಯವರಿಗೆ."

ಶುಕ್ರವಾರ ಹೊಲಿದ ಇಲಿಯೊಂದು ಶನಿವಾರ ಸಂಜೆಯೂ ಮೀಸೆ ಅಲ್ಲಾಡಿಸುತ್ತ ಕೂತಿತ್ತು! ನನಗೆ ಕುಣಿಯೋ ಹಾಗಾಯ್ತು, ಅಳೋ ಹಾಗೂ ಆಯ್ತು. ಭಾನುವಾರ ಪ್ರಯೋಗಶಾಲೆಗೆ ಬೀಗ. ಬಿಟ್ಟು ಹೋಗೋಕೆ ಜೀವ ಒಪ್ಪದೆ, ರಟ್ಟಿನ ಡಬ್ಬದಲ್ಲಿ ಆರ್.ಎಸ್. ಪುರಂ ಬಡಾವಣೆಯ ನಮ್ಮ ಮನೆಗೆ ತಂದೆ. ಪಕ್ಕದ ಮನೆ ಬೆಕ್ಕಿನ ಭಯಕ್ಕೆ ನಮ್ಮ ಇಲಿಬೋನಿನೊಳಗೇ ಬಿಟ್ಟು ಹಿತ್ತಿಲ ಮೂಲೆಯಲ್ಲಿಟ್ಟೆ. ಇಲಿ ಕೊಯ್ಯುತ್ತೀನಿ ಅಂದರೆ ಬೈತಾಳೆ ಅಂತ ಅಮ್ಮನಿಗೆ ಹೇಳಲಿಲ್ಲ. ರಾತ್ರಿಯೆಲ್ಲ ಎದ್ದೆದ್ದು ನೋಡಿದೆ. ಬೆಳಿಗ್ಗೆ ಗ್ಲೂಕೋಸ್ ತರೋಕೆ ಅಂಗಡಿಗೆ ಹೋಗಿ ಬರೋಷ್ಟರಲ್ಲಿ ಬೋನು ಖಾಲಿ.

"ಅಮ್ಮಾ, ಇದರೊಳಗಿದ್ದ ಇಲಿ?"

"ಬಿಟ್ಟು ಬಂದೆ ಕಂದಾ, ಪಿಳ್ಳೆಯಾರ್ ಕೋವಿಲ್ ಹಿಂದೆ."

ನಮ್ಮ ಮನೆಯ ಪದ್ಧತಿಯೇ ಅದು. ಪಿಳ್ಳೆಯಾರ್ ಅಂದರೆ ಗಣಪತಿ, ಇಲಿ ಅವನ ವಾಹನ. ಹಿಡಿಯಬಹುದು, ಕೊಲ್ಲೋ ಹಾಗಿಲ್ಲ. ಬೋನಿಗೆ ಬಿದ್ದದ್ದನ್ನು ಗುಡಿಯ ಹಿಂದೆ ಬಿಟ್ಟು ಕೈಮುಗಿದು ಬರೋದು.

"ಬೆಳ್ಳಗಿತ್ತು ಕಣೋ! ಪಾಪ, ಯಾರೋ ಪಾಪಿ ಹೊಟ್ಟೆ ಹೊಲಿದಿದ್ದ."

ಪಾಪಿ ಎದುರಿಗೇ ನಿಂತಿದ್ದ. "ನಡೀತಾ ಇತ್ತಾ?" ಅಂದೆ.

"ನಡೆಯೋದೇನು, ಬಾಗಿಲು ತೆಗೆದದ್ದೇ ತಡ, ಓಟ! ನೀನೆಲ್ಲಿಗೋ ಓಡ್ತಿದ್ದೀಯ, ಅಷ್ಟು ಅವಸರ?"

ಇಲಿಗೆ ಆಸೆ ತೋರಿಸೋಕೆ ಮಸಾಲ ವಡೆ ಹಿಡಿದುಕೊಂಡು ಗುಡಿಯ ಹಿಂದಿನ ಪೊದೆಯಲ್ಲಿ ಮಂಡಿಯೂರಿ ಹುಡುಕಿದೆ. ಯಾವುದೋ ಹರಕೆ ಇರಬೇಕೆಂದು ಒಬ್ಬ ಅಜ್ಜಿ ದಾರಿ ಬಿಟ್ಟು, ನನಗೂ ಸೇರಿಸಿ ನಮಸ್ಕಾರ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಹಸಿವು ತಡೆಯಲಾರದೆ ವಡೆ ನಾನೇ ತಿಂದೆ.

ಸೋಮವಾರ ಮುಖ್ಯಸ್ಥರು ಬಂದರು. "ಇಲಿ ಎಲ್ಲಪ್ಪಾ?"

"ಡಿಸ್ಚಾರ್ಜ್ ಆಯ್ತು ಸಾರ್," ಅಂದುಬಿಟ್ಟೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಓಡಿದ್ದನ್ನ ನೋಡಿದ್ದು ಯಾರು?"

"ಅಮ್ಮ, ಸಾರ್."

"ಪಿಳ್ಳೆಯಾರ್ ಸನ್ನಿಧಿಯಲ್ಲಿ ನಿಂತು ನೋಡಿದ್ದು ಸುಳ್ಳಾಗಲ್ಲ. ರೂಮು ಇರಲಿ, ಇನ್ನೊಂದು ಮಾಡು. ಮನೆಗೆ ಮಾತ್ರ ತಗೊಂಡು ಹೋಗ್ಬೇಡ."

ಆಮೇಲೆ ಎಷ್ಟೋ ಇಲಿಗಳು ಬದುಕಿದವು, ಆ ಮಾತು ಬೇರೆ. ಆದರೆ ಇವತ್ತಿಗೂ ಮನೆಯ ಬೋನಿಗೆ ಇಲಿ ಬಿದ್ದರೆ, ಎಷ್ಟೇ ಕಪ್ಪಗಿರಲಿ, ಬೋನೆತ್ತಿ ಕೆಳಗಿನಿಂದ ಹೊಟ್ಟೆ ನೋಡದೆ ಬಿಡೋಕೆ ನನ್ನ ಕೈಲಾಗೋದಿಲ್ಲ.