ಠಾಣೆಯ ಗೋದಾಮಿನಲ್ಲಿ ಊಟ

ಆಫೀಸಿನಲ್ಲಿ ಕಲಿತದ್ದನ್ನು ಮನೆಗೆ ತರಬಾರದು ಎಂದು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು. ಮಹಾಪೆಯ ಆಫೀಸಿನಲ್ಲಿ ಕೂತು, ಕಂಪನಿಗಳ ಸಾಬೂನು ಬಿಸ್ಕತ್ತುಗಳು ಯಾವ ಊರಿನ ಗೋದಾಮಿಗೆ ಹೋಗಬೇಕು, ಅಲ್ಲಿಂದ ಎದುರಾಳಿಗಿಂತ ಮೊದಲು ಅಂಗಡಿ ಹೇಗೆ ಸೇರಬೇಕು ಎಂದು ನಕ್ಷೆ ಹಾಕುವುದು ನನ್ನ ಉದ್ಯೋಗ. ಇದಕ್ಕೆ ಸಪ್ಲೈ ಚೈನ್ ಎಂಬ ದೊಡ್ಡ ಹೆಸರಿದೆ. ನನ್ನ ಹೆಂಡತಿ ಸಾವಿತ್ರಿ ಮಾತ್ರ, "ಸಾಮಾನು ಕಳಸೋ ಕೆಲಸದಾಗ ಅದಾರ" ಎಂದು ನನ್ನನ್ನು ಪರಿಚಯಿಸುತ್ತಾಳೆ.

ಸಾನಪಾಡಾದ ನಮ್ಮ ಅಡುಗೆಮನೆಯಲ್ಲಿ ಅವಳು ಖಡಕ್ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ವಾಶಿಯಿಂದ ಕಲ್ಯಾಣದವರೆಗೆ ನಮ್ಮ ಕಡೆಯ ಜನ ಮನೆಗೇ ಬಂದು ಒಯ್ಯುತ್ತಿದ್ದರು. ಅಷ್ಟರಲ್ಲಿ ಡೊಂಬಿವಲಿಯಲ್ಲಿ ಇನ್ನೊಬ್ಬಾಕೆ ರೊಟ್ಟಿ ಶುರುಮಾಡಿ, ಗಿರಾಕಿಗಳ ಬಾಗಿಲಿಗೇ ಮುಟ್ಟಿಸತೊಡಗಿದಳು. ಮತ್ತೆ ರೈಲಿನಲ್ಲಿ ನೇತಾಡಿಕೊಂಡು ಸಾನಪಾಡಾಕ್ಕೆ ಬರುವವರು ಯಾರು? ಆ ಕಡೆಯ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. ಸಾವಿತ್ರಿಯ ಮಾತು ಕಡಿಮೆಯಾಗಿ, ರೊಟ್ಟಿ ಬಡಿಯುವ ಸದ್ದು ಜೋರಾಯಿತು. ನನಗೆ ಸಂಕಟವೇ ಆಯಿತು. ಆದರೂ ನನ್ನ ವಿದ್ಯೆಗೆ ಕೊನೆಗೂ ಮನೆಯಲ್ಲಿ ಒಂದು ಕೆಲಸ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು.

ನಕ್ಷೆ ಹಾಸಿ ಕೂತೆ. ಠಾಣೆ ಊರಿನ ರೈಲು ಸ್ಟೇಶನ್ ಪಕ್ಕದಲ್ಲೇ ನನ್ನ ಅಕ್ಕನ ಮನೆ. ನಾನು ರೊಟ್ಟಿಯ ಕಟ್ಟುಗಳನ್ನು ಅಲ್ಲಿಗೆ ಮುಟ್ಟಿಸುವುದು. ಡೊಂಬಿವಲಿ, ಕಲ್ಯಾಣದವರು ಸಂಜೆ ಆಫೀಸಿನಿಂದ ಮರಳುವಾಗ ದಾರಿಯಲ್ಲಿ ಸಿಗುವ ಠಾಣೆಯಲ್ಲಿ ಇಳಿದು ಒಯ್ಯುವುದು. ಬಾಡಿಗೆಯಿಲ್ಲದ ಇಂಥ ಗೋದಾಮು ನನ್ನ ಕಂಪನಿಗಳಿಗೂ ಸಿಕ್ಕಿರಲಿಲ್ಲ.

ಮೊದಲ ವಾರವೇ ಗಿರಾಕಿಯೊಬ್ಬರ ಫೋನು ಬಂತು: "ರೊಟ್ಟಿ ಖಾಲಿ ಆಗ್ಯಾವಂತಲ್ರಿ?" ಠಾಣೆಗೆ ಓಡಿದೆ. ಅಕ್ಕನಿಗೆ ಯಾವ ಗಾಬರಿಯೂ ಇರಲಿಲ್ಲ.

"ಮನಿಗೆ ಬಂದೋರನ್ನ ಬಾಗಿಲದಾಗ ನಿಲ್ಸಿ, ಗಂಟು ಕೊಟ್ಟು ಕಳಸ್ಲೇನೋ? ಎಣ್ಣಿಗಾಯಿ ಮಾಡಿದ್ದೆ. ಉಣ್ಲಿಕ್ಕೆ ಹಾಕಿದೆ."

"ರೊಟ್ಟಿ?"

"ರೊಟ್ಟಿ ನೀನ ತಂದಿಟ್ಟಿದ್ದಿಯಲ್ಲ."

ಮೊದಲು ಬಂದವರು ಹಿಂದೆ ಬರುವವರ ರೊಟ್ಟಿ ಉಂಡು, ತಮ್ಮ ಕಟ್ಟನ್ನೂ ಹೊತ್ತು ಹೋಗಿದ್ದರು. ಸಾಲದ್ದಕ್ಕೆ, ಅಕ್ಕನ ಎಣ್ಣೆಗಾಯಿ ಮಾರಾಟಕ್ಕುಂಟೇ ಎಂದು ಸಾವಿತ್ರಿಯನ್ನೇ ಕೇಳತೊಡಗಿದರು.

"ಡೊಂಬಿವಲಿಯಾಕಿ ಒಬ್ಬಾಕಿ ಸಾಲಲಿಲ್ಲೇನ್ರಿ? ನಿಮ್ಮ ಅಕ್ಕನ್ನೂ ತಂದು ನನ್ನ ಎದುರಿಗೆ ನಿಲ್ಲಿಸಿದ್ರಿ" ಎಂದಳು ಸಾವಿತ್ರಿ.

ಠಾಣೆಯ ಗೋದಾಮು ಅಲ್ಲಿಗೆ ಮುಚ್ಚಿತು. ಮುಂದಿನ ಭಾನುವಾರ ಅವಳೇ ಚೀಲ ಹೊತ್ತು ರೈಲಿನ ಲೇಡೀಸ್ ಡಬ್ಬಿ ಹತ್ತಿದಳು. ಬಿಟ್ಟುಹೋದ ಗಿರಾಕಿಗಳ ಮನೆಮನೆಗೆ ಹೋಗಿ, ಚಹಾ ಕುಡಿದು, ಸೊಸೆಯ ಬಾಣಂತನ, ಮಾವನ ಮಂಡಿನೋವು ಎಲ್ಲ ವಿಚಾರಿಸಿ, ಖಾಲಿ ಚೀಲ ತಂದಳು. ನಾಲ್ಕು ಮನೆ ವಾಪಸು ಬಂದವು, ಆಮೇಲೆ ಇನ್ನಷ್ಟು. ಈಗ ಪ್ರತಿ ಭಾನುವಾರ ಇದೇ. ಅವಳ ನಗು ಮರಳಿದ್ದು ನೋಡಿ ನನಗೆ ನಿಜಕ್ಕೂ ಸಂತೋಷ.

ಆದರೆ ಭಾನುವಾರ ಮನೆಯಲ್ಲಿ ನನಗೆಂದು ಮುರಿದ ರೊಟ್ಟಿಯೂ ಉಳಿಯುವುದಿಲ್ಲ. ಅವಳು ಹೊರಟ ಮೇಲೆ ನಾನೂ ಸದ್ದಿಲ್ಲದೆ ಠಾಣೆಯ ರೈಲು ಹಿಡಿಯುತ್ತೇನೆ. ಅಕ್ಕ ಏನೂ ಕೇಳದೆ ತಟ್ಟೆ ಇಡುತ್ತಾಳೆ. ಇಷ್ಟು ಒಳ್ಳೆಯ ರೊಟ್ಟಿ ಎಲ್ಲಿಂದ ತರಿಸುತ್ತೀ ಎಂದು ಮೊನ್ನೆ ಕೇಳಿದೆ.

"ಡೊಂಬಿವಲಿಯಾಕಿ. ಮನಿಗೇ ತಂದು ಮುಟ್ಟಸ್ತಾಳ" ಎಂದಳು.

ನಾನು ಇನ್ನೊಂದು ಹಾಕಿಸಿಕೊಂಡೆ.