ಕಡ್ಡಿಗೆ ಅಂಟಿದ ವಿಟಮಿನ್ನು

ರುಜುವಾತಿಲ್ಲದೆ ಯಾವ ಮಾತನ್ನೂ ನಂಬಬಾರದು ಎಂಬುದು ನನ್ನ ವ್ರತ. ಕಾಲೇಜಿನ ಚರ್ಚಾಕೂಟದಲ್ಲಿ ಈ ವ್ರತಕ್ಕೆ ಚಪ್ಪಾಳೆ ಸಿಗುತ್ತಿತ್ತು. ಮನೆಯಲ್ಲಿ ಸಿಗುವುದು ಆರಿದ ಸಾರು. ವಾದಕ್ಕೆ ನಿಂತವರನ್ನು ಗೆಲ್ಲಬಹುದು. ಒಲೆಯ ಮುಂದೆ ಕೂತು, ಕೈಕೆಲಸ ನಿಲ್ಲಿಸದೆ ‘ಹೂಂ’ ಎನ್ನುವವರನ್ನು ಗೆದ್ದ ವಾಗ್ಮಿಯನ್ನು ನಾನಿನ್ನೂ ಕಂಡಿಲ್ಲ.

ಎರಡನೇ ಮಹಾಯುದ್ಧದ ದಿನಗಳು. ನಾನು ಹೊನ್ನಾಳಿಯಲ್ಲಿ ವಿಜ್ಞಾನದ ಮೇಷ್ಟರು. ನನ್ನ ಹೆಂಡತಿ ಗಿರಿಜೆಯ ವಸಡಿನಲ್ಲಿ ರಕ್ತ ಬರತೊಡಗಿತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಡಾಕ್ಟರು ನೋಡಿ, ಇದು ‘ಸಿ’ ವಿಟಮಿನ್ನಿನ ಕೊರತೆ, ಮಾತ್ರೆ ಈಗ ದಾವಣಗೆರೆಯಲ್ಲೂ ಸಿಗುವುದಿಲ್ಲ, ನೆಲ್ಲಿಕಾಯಿ ತಿನ್ನಲಿ ಎಂದರು. ನೆಲ್ಲಿಯ ಕಾಲ ಮುಗಿದಿತ್ತು. ಆದರೆ ಸವಳಂಗದ ಸೋದರಮಾವ ಕೊಟ್ಟ ಒಂದು ಡಬ್ಬಿ ನೆಲ್ಲಿಚಟ್ಟು ಅಟ್ಟದ ಮೇಲಿತ್ತು. ಬೆಟ್ಟದ ನೆಲ್ಲಿಯನ್ನು ಜಜ್ಜಿ, ಉಪ್ಪು ಬೆರೆಸಿ, ಬಿಸಿಲಲ್ಲಿ ಒಣಗಿಸಿದ್ದು. ಅವ್ವ ಅದನ್ನು ಇಳಿಸಿದಳು. ನಾನು ಅಡ್ಡ ನಿಂತೆ.

“ಬಿಸಿಲಿಗೆ ವಿಟಮಿನ್ನು ಸತ್ತೋಗುತ್ತೆ ಅವ್ವಾ. ಇದ್ರಾಗೆ ಇನ್ನೂ ಐತೆ ಅನ್ನಾಕೆ ಏನು ಆಧಾರ?”

“ಇದನ್ನ ತಿಂದೇ ನಿಮ್ಮಜ್ಜಿ ಮುದುಕಿಯಾದ್ರೂ ಕಡ್ಲೆ ಕಡೀತಿದ್ಲು. ಅದೇ ಆಧಾರ.”

“ಆಕೆ ಹಲ್ಲೇ ಗಟ್ಟಿ ಇದ್ವು ಅಂತಾನೂ ಹೇಳಬೋದು.”

“ನೀನು ಏನು ಬೇಕಾದ್ರೂ ಹೇಳ್ತೀಯಪ್ಪಾ. ಹುಡುಗಿ ಬಾಯಿ ನೋಡು ಮೊದ್ಲು.”

ಬಾಯಿ ನೋಡುವುದು ಶಾಸ್ತ್ರೀಯ ವಿಧಾನವಲ್ಲ. ವಿಟಮಿನ್ನಿನ ನೀರಿನಲ್ಲಿ ಎರಡು ಕಡ್ಡಿ ಇಳಿಸಿ ಸಣ್ಣಗೆ ವಿದ್ಯುತ್ ಹರಿಸಿದರೆ, ವಿಟಮಿನ್ನು ಕಡ್ಡಿಗೆ ತನ್ನ ಎಲೆಕ್ಟ್ರಾನು ಒಪ್ಪಿಸುತ್ತದೆ, ಮೀಟರಿನ ಸೂಜಿ ಏಳುತ್ತದೆ ಎಂದು ಎಲ್ಲೋ ಓದಿದ್ದೆ. ಸತ್ತ ಟಾರ್ಚ್ ಸೆಲ್ಲುಗಳನ್ನು ಒಡೆದು ಒಳಗಿನ ಇಂಗಾಲದ ಕಡ್ಡಿ ತೆಗೆದೆ. ಶಾಲೆಯಿಂದ ಬ್ಯಾಟರಿಯನ್ನೂ ವಿದ್ಯುತ್ ಅಳೆಯುವ ಗ್ಯಾಲ್ವನೋಮೀಟರನ್ನೂ ತಂದೆ. ರುಜುವಾತಾಗುವ ತನಕ ಯಾರೂ ಚಟ್ಟು ಮುಟ್ಟಬಾರದು ಎಂದು ಅಪ್ಪಣೆ ಮಾಡಿ, ಒಂದು ಹಿಡಿ ನೆನೆಸಿ, ಕಿವುಚಿ, ಸೋಸಿ, ಕಡ್ಡಿ ಇಳಿಸಿದೆ. ಸೂಜಿ ಎದ್ದಿತು!

“ನೋಡ್ದೇನು? ಐತೆ!”

ಗಿರಿಜೆ ಸಾರಿಗೆಂದು ಕಿವುಚಿದ್ದ ಹುಣಸೆಹಣ್ಣಿನ ನೀರನ್ನು ಮುಂದಿಟ್ಟಳು. “ಇದಕ್ಕೂ ಇಡ್ರಿ, ನೋಡಾನ.”

ಸೂಜಿ ಅದಕ್ಕೂ ಎದ್ದಿತು.

“ಇದ್ರಾಗೂ ಐತೇನ್ರಿ?”

“ಇದು ಬ್ಯಾರೆ ಕಣೇ.”

“ಬ್ಯಾರೆ ಅಂತ ಸೂಜಿಗೆ ಹೆಂಗೆ ಗೊತ್ತಾಗಬೇಕ್ರಿ?”

ಪ್ರಶ್ನೆ ನ್ಯಾಯವಾಗಿತ್ತು. ನ್ಯಾಯವಾದ ಪ್ರಶ್ನೆಗೆ ಉತ್ತರವಿಲ್ಲದಾಗ ಇನ್ನೊಂದು ಪ್ರಯೋಗ ಹೂಡುವುದು ವಿಜ್ಞಾನಿಗಳ ಸಂಪ್ರದಾಯ. ಹೂಡಿದೆ. ಉಪ್ಪುನೀರಿನ ಜೊತೆ ಹೋಲಿಸಿದೆ, ಕುದಿಸಿ ನೋಡಿದೆ, ಆರಿಸಿ ನೋಡಿದೆ. ಪ್ರತಿಸಲವೂ ಒಂದು ಹಿಡಿ ಚಟ್ಟು. ಅತ್ತ ಗಿರಿಜೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದಳು. ಇತ್ತ ನನಗೆ ಹೊಸ ಚಿಂತೆ. ಅಷ್ಟೇ ಚಟ್ಟಿಗೂ ಸೂಜಿ ದಿನದಿನಕ್ಕೆ ಕಡಿಮೆ ಏಳುತ್ತಿತ್ತು. ಕೊನೆಗೆ ಕಾರಣ ಹೊಳೆದಾಗ ಕುಣಿಯುವುದೊಂದೇ ಬಾಕಿ. ಅವ್ವನನ್ನೂ ಗಿರಿಜೆಯನ್ನೂ ಕೂರಿಸಿ ಭಾಷಣ ಮಾಡಿದೆ: ನೆಲ್ಲಿಯ ಸತ್ವ ಕಡ್ಡಿಯ ಮೈಗೆ ಅಂಟಿ ಪದರ ಕಟ್ಟುತ್ತದೆ. ನೆಲ ನೀರು ಕುಡಿದಂತೆ ಒಳಗಿಳಿಯುವುದಿಲ್ಲ. ಮೇಲೆಯೇ ಕೂತು, ಹಿಂದಿನಿಂದ ಬಂದವರಿಗೆ ಜಾಗ ಕೊಡುವುದಿಲ್ಲ, ಅದಕ್ಕೇ ಸೂಜಿ ಸೋಲುತ್ತದೆ.

ಗಿರಿಜೆ ಪೂರ್ತಿ ಕೇಳಿದಳು. ಆಮೇಲೆ ಡಬ್ಬಿಯನ್ನು ಬೋರಲು ಹಾಕಿ ತಟ್ಟಿದಳು. ಉಪ್ಪಿನ ಪುಡಿಯಷ್ಟೇ ಉದುರಿತು.

“ಹಂಗಾದ್ರೆ ಆ ಕಡ್ಡೀನೇ ನೆಕ್ಕಲೇನ್ರಿ?”

ಅವ್ವ ಸೆರಗು ಬಾಯಿಗೊತ್ತಿ ನಕ್ಕಳು. ಗಿರಿಜೆ ನಗಲಿಲ್ಲ, ಅವಳ ತುಟಿಯಂಚಿನಲ್ಲಿ ರಕ್ತದ ಕೆಂಪಿತ್ತು. ಅವ್ವ ಮೊದಲ ದಿನವೇ ನೋಡು ಎಂದದ್ದನ್ನು ನಾನು ಆಗ ನೋಡಿದೆ. ನನ್ನ ಮೈಗೂ ನನ್ನ ಮಾತೇ ಪದರ ಕಟ್ಟಿ ಕೂತಿತ್ತು. ಬೇರೆಯವರ ನೋವು ಬಂದು ತಾಗಲು ಜಾಗವೇ ಇರಲಿಲ್ಲ.

ಕಡ್ಡಿಯನ್ನು ಬೂದಿ ಹಾಕಿ ಉಜ್ಜಿದರೆ ಸೂಜಿ ಮತ್ತೆ ಏಳುತ್ತದೆ. ಮೇಷ್ಟರನ್ನು ಉಜ್ಜಲು, ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಸಾಕಾಯಿತು. ಏರು ಬಂದಲ್ಲೆಲ್ಲ ಇಳಿದು ತಳ್ಳುತ್ತಾ, ಹೊಗೆ ಕುಡಿಯುತ್ತಾ ಸವಳಂಗಕ್ಕೆ ಹೋಗಿ, ಮಾವನ ಕಾಲು ಹಿಡಿದು ಇನ್ನೊಂದು ಡಬ್ಬಿ ತಂದೆ. ಗಿರಿಜೆ ದಿನಾ ತಿಂದಳು. ಹುಣ್ಣಿಮೆ ಕಳೆದು ಅಮಾವಾಸ್ಯೆ ಬರುವಷ್ಟರಲ್ಲಿ ಖಡಕ್ ರೊಟ್ಟಿ ಕಟಕಟ ಕಡಿಯತೊಡಗಿದಳು. ಒಬ್ಬರು ಗುಣವಾದರೆ ಅದು ರುಜುವಾತಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಮೊನ್ನೆ ಹಲ್ಲುಜ್ಜುವಾಗ ನನ್ನ ವಸಡಿನಲ್ಲೇ ರಕ್ತ ಕಂಡಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಚಾಚಿದೆ. “ಗಿರಿಜಾ, ನಂಗೂ ಒಂದು ಚೂರು ಕೊಡೇ.”

ಅವಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

“ಇರ್ರಿ, ಇನ್ನಾ ರುಜುವಾತಾಗಿಲ್ಲಲ್ಲ.”