ಮಂಚದ ಕೆಳಗಿನ ರಫ್ತು

ರೆಂಬೆರ್ತೊ: ಏ ಒದಾಲಿಸ್! ಇಡು ಕೆಳಗೆ ಆ ಮೂಟೆನ! ಅದು ಬೆಲ್ಜಿಯಂದು!

ಒದಾಲಿಸ್: ಬೆಲ್ಜಿಯಂದಾ? ಬೆಲ್ಜಿಯಂದಾದ್ರೆ ನನ್ ಮಂಚದ ಕೆಳಗೆ ಏನ್ ಮಾಡ್ತಿದೆ?

ರೆಂಬೆರ್ತೊ: ಗೋದಾಮು ಸೋರತ್ತಲ್ಲೇ ಮಾರಾಯ್ತಿ. ಇನ್ನೆಲ್ಲಿ ಇಡ್ಬೇಕು, ತಲೆ ಮೇಲಾ?

ಒದಾಲಿಸ್: ಆ ಬೆಲ್ಜಿಯಂ ಧೂಳಿಗೆ ರಾತ್ರಿಯೆಲ್ಲ ಸೀನಿ ಸೀನಿ ನನ್ ಮೂಗು ಕಿತ್ತು ಬಂತು. ಜಾಗ ಕೊಟ್ಟಿದ್ದಕ್ಕೆ ಬಾಡಿಗೆ ಅಂತ ಒಂದ್ ಬೊಗಸೆ ಇದ್ದಿಲು ತಗೊಂಡ್ರೆ ಅವ್ರಪ್ಪನ ಗಂಟೇನ್ ಹೋಗತ್ತೆ?

ರೆಂಬೆರ್ತೊ: ಮೂಟೆ ಬಾಯಿ ಹೊಲಿದಾಯ್ತು ಕಣೆ! ಹೊಲಿಯೋವರ್ಗೂ ಅದು ಇದ್ದಿಲು. ಹೊಲಿದ್ ಮೇಲೆ ವಿದೇಶಿ ವಿನಿಮಯ.

ಒದಾಲಿಸ್: ಹೌದಾ? ಹಂಗಾದ್ರೆ ವಿದೇಶಿ ವಿನಿಮಯನೇ ಒಲೆಗೆ ಹಾಕ್ತೀನಿ ಬಿಡು. ನಂಗೆ ಬೀನ್ಸ್ ಬೇಯ್ಬೇಕು, ಅಷ್ಟೇ.

ಅವಳು ಕುಡುಗೋಲಿಗೆ ಕೈ ಹಾಕಿದಳು. ರೆಂಬೆರ್ತೊ ಬೇರೆ ದಾರಿ ಕಾಣದೆ ಮೂಟೆಯ ಮೇಲೆ ದೊಪ್ಪನೆ ಕೂತುಬಿಟ್ಟ.

ಪಾಪ, ಅವನ ಸಂಕಟ ಅವನಿಗೆ. ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಕಬ್ಬಿನ ಗದ್ದೆಗಳನ್ನೆಲ್ಲ ಮರಬೂ ಅನ್ನೋ ಮುಳ್ಳುಜಾಲಿ ನುಂಗಿ ಹಾಕಿತ್ತು. ಊರಿನವರು ಅದನ್ನೇ ಕಡಿದು, ಮಣ್ಣು ಮುಚ್ಚಿ ಸುಟ್ಟು, ಇದ್ದಿಲು ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದರು. ರೆಂಬೆರ್ತೊ ಅವರ ಸಹಕಾರ ಸಂಘದ ಅಧ್ಯಕ್ಷ. ಅಧ್ಯಕ್ಷ ಅಂದರೆ ಉಳಿದವರಿಗಿಂತ ಅಂಗೈಯಲ್ಲಿ ನಾಕು ಮುಳ್ಳು ಜಾಸ್ತಿ, ಅಷ್ಟೆ. ಇವತ್ತು ಸರ್ಕಾರಿ ರಫ್ತು ಕಂಪನಿಯ ಇನ್ಸ್‌ಪೆಕ್ಟರ್ ಅರಿಸ್ತಿದೆಸ್ ಬಂದು ಮೂಟೆಗಳಿಗೆ ಮುದ್ರೆ ಒತ್ತಿದರೆ ಸರಕು ಸಂಜೆಯ ಲಾರಿ ಹತ್ತುತ್ತದೆ, ಸಂಘದ ಪಾಲಿಗೆ ಒಂದು ಮೋಟಾರು ಗರಗಸ ಬರುತ್ತದೆ. ಒತ್ತದಿದ್ದರೆ ಇನ್ನೊಂದು ವರ್ಷ ಕೊಡಲಿಯೇ ಗತಿ. ಅರಿಸ್ತಿದೆಸ್ ಖಾಲಿ ಹೊಟ್ಟೆಯಲ್ಲಿ ಯಾವತ್ತೂ ಮುದ್ರೆ ಒತ್ತಿದವನಲ್ಲ ಅನ್ನೋದು ಇಡೀ ಸಿಯೆಗೊ ದೆ ಆವಿಲಾ ಪ್ರಾಂತ್ಯಕ್ಕೇ ಗೊತ್ತು. ಇತ್ತ ಮನೆಯಲ್ಲಿ ಬೆಳಗಿನಿಂದ ಕರೆಂಟಿಲ್ಲ, ಗ್ಯಾಸ್ ಸಿಲಿಂಡರು ಈಸ್ಟರ್ ಹಬ್ಬದಿಂದ ಖಾಲಿಯಾಗಿ ಮೂಲೆಯಲ್ಲಿ ಬಿದ್ದಿದೆ.

ಒದಾಲಿಸ್: ಊಟ ಇಲ್ದಿದ್ರೆ ಅವ್ನು ಮುದ್ರೆ ಒತ್ತಲ್ಲ.

ರೆಂಬೆರ್ತೊ: ಹೂಂ.

ಒದಾಲಿಸ್: ಇದ್ದಿಲಿಲ್ದೆ ಊಟ ಆಗಲ್ಲ.

ರೆಂಬೆರ್ತೊ: ಹೂಂ.

ಒದಾಲಿಸ್: ಇದ್ದಿಲು ಮುಟ್ಟಿದ್ರೂ ಅವ್ನು ಮುದ್ರೆ ಒತ್ತಲ್ಲ.

ರೆಂಬೆರ್ತೊ: ಹಾಂ! ನೋಡು, ಈಗ ಅರ್ಥ ಆಯ್ತು ನಿಂಗೆ.

ಒದಾಲಿಸ್: ನಂಗೆ ಅರ್ಥ ಆಗಿದ್ದು ಒಂದೇ. ಅವತ್ತು ಆ ಬೇಕರಿ ಹುಡುಗನಿಗೆ ಹೂಂ ಅನ್ಬೇಕಿತ್ತು ನಾನು.

ರೆಂಬೆರ್ತೊ: ಅವ್ನು ಮಯಾಮಿಗೆ ಓಡೋದ!

ಒದಾಲಿಸ್: ಅದನ್ನೇ ನಾನೂ ಹೇಳ್ತಿರೋದು.

ರೆಂಬೆರ್ತೊ: ಸೌದೆ ಹಾಕಿ ಬೇಯ್ಸೇ...

ಒದಾಲಿಸ್: ಯಾವ ಸೌದೆ? ಊರಲ್ಲಿರೋ ಕಡ್ಡೀನೆಲ್ಲ ಸುಟ್ಟು ಮೂಟೆ ಕಟ್ಟಿಟ್ಟಿದೀಯ. ಉಳಿದಿರೋದು ನಿಮ್ಮಮ್ಮನ ತೂಗುಕುರ್ಚಿ ಒಂದೇ. ಹಾಕ್ಲಾ? ಅಲ್ಲ, ಆ ಬೆಲ್ಜಿಯಂನವ್ರು ಇಷ್ಟೊಂದು ಇದ್ದಿಲು ತಗೊಂಡು ಏನ್ ಮಾಡ್ತಾರೆ?

ರೆಂಬೆರ್ತೊ: ಭಾನುವಾರ ತೋಟದಲ್ಲಿ ಕೂತು ಮಾಂಸ ಸುಟ್ಕೊಂಡ್ ತಿಂತಾರಂತೆ.

ಒದಾಲಿಸ್: ಅಯ್ಯೋ ಪಾಪ. ಅವ್ರ ಮನೇಲೂ ಕರೆಂಟಿಲ್ವಾ?

ರೆಂಬೆರ್ತೊ: ಕರೆಂಟಿದೆ.

ಒದಾಲಿಸ್: ಗ್ಯಾಸು?

ರೆಂಬೆರ್ತೊ: ಅದೂ ಇದೆ.

ಒದಾಲಿಸ್: ಮತ್ಯಾಕೆ ಮೈಗೆ ಮಸಿ ಬಳ್ಕೋತಾರೆ?

ರೆಂಬೆರ್ತೊ: ಶೋಕಿಗೆ ಕಣೆ, ಶೋಕಿಗೆ.

ಒದಾಲಿಸ್: ಸರಿ ಹೋಯ್ತು. ಅವ್ರ ಶೋಕಿ ನನ್ ಮಂಚದ ಕೆಳಗೆ ಬೆಚ್ಚಗಿದೆ. ನನ್ ಬೀನ್ಸು ತಣ್ಣೀರಲ್ಲಿ ಈಜಾಡ್ತಿದೆ.

ಹೊರಗೆ ಮೋಟಾರ್ ಬೈಕು ಕೆಮ್ಮಿ ನಿಂತಿತು. ಅರಿಸ್ತಿದೆಸ್ ಒಳಬಂದ. ಮೊದಲು ಅವನ ಹೊಟ್ಟೆ ಬಂತು, ಆಮೇಲೆ ಬ್ಯಾಗು, ಕೊನೆಗೆ ಅವನು. ಬಂದವನೇ ಮೂಗರಳಿಸಿ ಗಾಳಿ ಎಳೆದುಕೊಂಡ. ಮುಖ ಸಣ್ಣದಾಯಿತು.

ಅರಿಸ್ತಿದೆಸ್: ಇದೇನು ಕಾಮ್ರೇಡ್, ಮನೇಲಿ ಒಂಚೂರೂ ಘಮ ಇಲ್ಲ?

ರೆಂಬೆರ್ತೊ: ಒಳ್ಳೇ ಇದ್ದಿಲಿಗೆ ವಾಸ್ನೆ ಇರಲ್ಲ ಕಾಮ್ರೇಡ್ ಸಾರ್. ಅದೇ ಕ್ವಾಲಿಟಿ!

ಅರಿಸ್ತಿದೆಸ್: ಇದ್ದಿಲು ಮನೆ ಹಾಳಾಗ್ಲಿ. ಊಟದ್ದು ಕೇಳ್ತಿದೀನಿ.

ಒದಾಲಿಸ್: ನೆನೆಹಾಕಿದೀನಿ ಸಾಹೇಬ್ರೇ.

ಅರಿಸ್ತಿದೆಸ್: ನೆನೆ... ಹಾಕಿದೀಯಾ?

ಬ್ಯಾಗಿನಿಂದ ಅರ್ಧ ಹೊರಬಂದಿದ್ದ ಮುದ್ರೆ ಮೆಲ್ಲಗೆ ಮತ್ತೆ ಒಳಗೆ ಹೋಯಿತು. ಅದರ ಜೊತೆ ಮೋಟಾರು ಗರಗಸವೂ ಒಳಗೆ ಹೋದ ಹಾಗೆ ರೆಂಬೆರ್ತೊಗೆ ಅನ್ನಿಸಿತು.

ಅರಿಸ್ತಿದೆಸ್: ಇಂಕು ಒಣಗಿದೆ ಅನ್ಸತ್ತೆ. ಮುಂದಿನ ವರ್ಷ ನೋಡೋಣ.

ರೆಂಬೆರ್ತೊ: ಸಾರ್ ಸಾರ್ ಸಾರ್! ಒಲೆಗೆ ಇದ್ದಿಲಿಲ್ಲ, ಅದಕ್ಕೇ ತಡ...

ಅರಿಸ್ತಿದೆಸ್: ಇದ್ದಿಲು ಸಂಘದ ಅಧ್ಯಕ್ಷನ ಮನೇಲಿ ಇದ್ದಿಲಿಲ್ವಾ?

ರೆಂಬೆರ್ತೊ: ಇರೋದೆಲ್ಲ ರಫ್ತು ಸಾರ್. ಮುಟ್ಟಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ, ಬೆಳಗಿಂದ ಅದರ ಮೇಲೇ ಕೂತಿದೀನಿ.

ಅರಿಸ್ತಿದೆಸ್: ಭೇಷ್! ಇದು ಶಿಸ್ತು ಅಂದ್ರೆ!

ಅಷ್ಟರಲ್ಲಿ ಶಿಸ್ತನ್ನು ಲೆಕ್ಕಿಸದೆ ಅವನ ಹೊಟ್ಟೆ ಗೊರ್ ಅಂತು. ಅವನು ಒಂದು ಕ್ಷಣ ಯೋಚಿಸಿ, ಬ್ಯಾಗಿನ ತಳದಿಂದ ಒಂದು ಪುಟ್ಟ ಪೊಟ್ಟಣ ತೆಗೆದ. ಥಳಥಳ ಕಾಗದ, ಮೇಲೆ ಸುಟ್ಟ ಮೀನಿನ ಬಣ್ಣದ ಚಿತ್ರ.

ಅರಿಸ್ತಿದೆಸ್: ತಗೋ. ನಮ್ಮನೆಯವಳಿಗೆ ಅಂತ ಪಟ್ಟಣದ ಡಾಲರ್ ಅಂಗಡೀಲಿ ಕೊಂಡಿದ್ದೆ. ದೇಶಕ್ಕೋಸ್ಕರ ತ್ಯಾಗ ಮಾಡ್ತಿದೀನಿ. ಫಾರಿನ್ ಇದ್ದಿಲು!

ಒದಾಲಿಸ್: ಫಾರಿನ್ನಾ? ಯಾವೂರದ್ದು?

ಅರಿಸ್ತಿದೆಸ್: ಬೆಲ್ಜಿಯಂದು!

ಒದಾಲಿಸ್: ಅಲ್ಲೂ ಇದ್ದಿಲು ಸುಡ್ತಾರಾ?

ಅರಿಸ್ತಿದೆಸ್: ಸುಡಲ್ಲ, ಪ್ಯಾಕ್ ಮಾಡ್ತಾರೆ.

ಒದಾಲಿಸ್: ಸುಡೋದ್ಯಾರು ಮತ್ತೆ?

ಅರಿಸ್ತಿದೆಸ್: ಅದು... ಕೆರಿಬಿಯನ್ ಕಡೆಯವ್ರು ಯಾರೋ.

ಒದಾಲಿಸ್: ಜಮೈಕಾದವ್ರಾ?

ಅರಿಸ್ತಿದೆಸ್: ಅಲ್ಲ, ಸ್ವಲ್ಪ ಈ ಕಡೆ.

ಒದಾಲಿಸ್: ಎಷ್ಟು ಈ ಕಡೆ?

ಅರಿಸ್ತಿದೆಸ್: ಈಗ ನಿನ್ ಗಂಡ ಕೂತಿದಾನಲ್ಲ... ಸುಮಾರು ಅಲ್ಲೀವರ್ಗೂ.

ರೆಂಬೆರ್ತೊ ಮೂಟೆಯಿಂದ ಎದ್ದೇಬಿಟ್ಟ.

ರೆಂಬೆರ್ತೊ: ಇದು ನನ್ನ ಹೋದ ವರ್ಷದ ಸರಕು!

ಅರಿಸ್ತಿದೆಸ್: ಹೋಗುವಾಗ ನಿನ್ನದಪ್ಪಾ. ಬರುವಾಗ ಆಮದು.

ರೆಂಬೆರ್ತೊ: ಎಷ್ಟು ಕೊಟ್ರಿ ಇದಕ್ಕೆ?

ಅರಿಸ್ತಿದೆಸ್: ಊಟಕ್ಕೆ ಮುಂಚೆ ಅಂಥ ಪ್ರಶ್ನೆ ಕೇಳ್ಬಾರ್ದು.

ಒದಾಲಿಸ್ ಪೊಟ್ಟಣ ಹರಿದು ಒಲೆಗೆ ಸುರಿದಳು. ಅದರ ಬಿಸಿಗೆ ಮೂರು ಲೋಟ ಕಾಫಿ ಕುದಿಯಿತು. ಬೀನ್ಸಿನ ಪಾತ್ರೆ ಇಟ್ಟರೆ ಒಂದೆರಡು ಗುಳ್ಳೆ ಎದ್ದು ಸುಮ್ಮನಾಯಿತು.

ಒದಾಲಿಸ್: ಆಮದು ಮುಗೀತು. ಈಗ ರಫ್ತಿಗೆ ಕೈ ಹಾಕ್ಲಾ?

ಅರಿಸ್ತಿದೆಸ್: ಹುಷಾರ್! ಒಂದ್ ತುಂಡು ಮುಟ್ಟಿದ್ರೂ ಮುದ್ರೆ ಇಲ್ಲ.

ಒದಾಲಿಸ್: ಅಲ್ರೀ, ಅದೇ ಗಿಡ, ಅದೇ ಬೆಂಕಿ, ಸುಟ್ಟಿದ್ದು ಇದೇ ಬಡಪಾಯಿ. ಪೊಟ್ಟಣದ್ದು ಉರಿಸ್ಬಹುದು, ಮೂಟೇದು ಉರಿಸ್ಬಾರ್ದಾ?

ಅರಿಸ್ತಿದೆಸ್: ಪೊಟ್ಟಣದ್ದು ಗಡಿ ದಾಟಿ ಬಂದಿದೆ. ಗಡಿ ದಾಟಿದ್ ಮೇಲೆ ಕೊಂಡವ್ರು ಉರಿಸ್ಲಿ, ಹಲ್ಲುಜ್ಜಲಿ, ನಮ್ಗೇನು?

ಒದಾಲಿಸ್: ಅಂದ್ರೆ ಗಡಿ ದಾಟೋದೇ ಮುಖ್ಯ.

ಅರಿಸ್ತಿದೆಸ್: ವಿದೇಶಿ ವ್ಯಾಪಾರ ಅಂದ್ರೆ ಅಷ್ಟೇ ಕಾಮ್ರೇಡ್. ಉಳಿದಿದ್ದೆಲ್ಲ ಭಾಷಣ.

ಒದಾಲಿಸ್ ಒಲೆಯಿಂದ ಒಂದು ಆರಿದ ಕೆಂಡ ತೆಗೆದಳು. ಅಡುಗೆಮನೆಯ ಹೊಸ್ತಿಲಿಗೆ ಅಡ್ಡವಾಗಿ ಈ ಗೋಡೆಯಿಂದ ಆ ಗೋಡೆಗೆ ಕಪ್ಪು ಗೆರೆ ಎಳೆದಳು. ಗೆರೆಯ ಆಚೆ, ಒಲೆಯ ಕಡೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಒದಾಲಿಸ್: ಇಲ್ಲಿಂದ ಈ ಕಡೆ ಬೆಲ್ಜಿಯಂ.

ರೆಂಬೆರ್ತೊ: ಒದಾಲಿಸ್, ಬಿಸಿಲು ತಲೆಗೇರಿತೇನೇ?

ಒದಾಲಿಸ್: ಬೆಲ್ಜಿಯಂನಲ್ಲಿ ಎಲ್ಲಿಂದ ಬರ್ಬೇಕು ಬಿಸಿಲು? ಇನ್ಸ್‌ಪೆಕ್ಟರ್ ಸಾಹೇಬ್ರೇ, ನಿಮ್ಮ ದೇಶದಿಂದ ನಂಗೊಂದು ಮೂಟೆ ಇದ್ದಿಲು ಬೇಕು.

ಅರಿಸ್ತಿದೆಸ್: ಸಾಕು ತಮಾಷೆ! ಇದು ಸರ್ಕಾರದ ಕೆಲ್ಸ... ಬದಲಿಗೆ ಏನ್ ಕೊಡ್ತೀಯ?

ಒದಾಲಿಸ್: ಕಪ್ಪು ಬೀನ್ಸು. ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಮರಗೆಣಸು. ಮತ್ತೆ... ನಿನ್ನೆ ಪಕ್ಕದ್ಮನೆಯವ್ರು ಕಡಿದ್ರಲ್ಲ, ಆ ಹಂದೀದು ಒಂದು ತೊಡೆ. ಹುಳಿ ಕಿತ್ತಳೆ ರಸ ಸವರಿ ಇಟ್ಟಿದೀನಿ.

ಅರಿಸ್ತಿದೆಸನ ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಅವನು ಗೆರೆಯನ್ನು ನೋಡಿದ, ಮೂಟೆಯನ್ನು ನೋಡಿದ, ಬಗ್ಗಿ ಗೆರೆ ನೆಟ್ಟಗಿದೆಯೋ ಇಲ್ಲವೋ ಅಂತಲೂ ನೋಡಿದ.

ಅರಿಸ್ತಿದೆಸ್: ಕೊಳ್ಳೋರಿಗೆ ಮೊದ್ಲೇ ಒಂದು ಸ್ಯಾಂಪಲ್ ಕಳ್ಸೋಕೆ ನಿಯಮದಲ್ಲಿ ಅವಕಾಶ ಇದೆ. ರೆಂಬೆರ್ತೊ! ಏನ್ ನೋಡ್ತಾ ನಿಂತಿದೀಯ? ದಾಟ್ಸು!

ರೆಂಬೆರ್ತೊ ಮೂಟೆಯನ್ನು ಗೆರೆಯಾಚೆ ನೂಕಿದ. ಅವನ ಆಯುಸ್ಸಿನಲ್ಲಿ ಇಷ್ಟು ಬೇಗ ಮುಗಿದ ರಫ್ತು ಇನ್ನೊಂದಿರಲಿಲ್ಲ. ಕೆಂಡ ನಿಗಿನಿಗಿ ಆಯಿತು. ಬೀನ್ಸು ಕೊತಕೊತ ಅಂತು. ಹಂದಿಯ ಕೊಬ್ಬು ಚುರುಗುಟ್ಟಿ ಬೀದಿಯ ನಾಯಿಗಳೆಲ್ಲ ಬಾಗಿಲಿಗೆ ಬಂದವು. ಕೊನೆಗೆ ಅರಿಸ್ತಿದೆಸ್ ತಟ್ಟೆ ಹಿಡಿದು ಗೆರೆಯ ಹತ್ತಿರ ಬಂದ.

ಒದಾಲಿಸ್: ಮುದ್ರೆ?

ಅರಿಸ್ತಿದೆಸ್: ಊಟ ಆಗ್ಲಿ, ಆಮೇಲೆ.

ಒದಾಲಿಸ್: ಬೆಲ್ಜಿಯಂ ನಿಮ್ಗೆ ಸಾಲ ಕೊಡಲ್ಲ.

ಅರಿಸ್ತಿದೆಸ್: ಇದೇನು ಮಾತು? ಒಂದು ಸ್ವತಂತ್ರ ದೇಶದ ಮೇಲೆ ಅಷ್ಟೂ ನಂಬಿಕೆ ಇಲ್ವಾ?

ಒದಾಲಿಸ್: ನಿಮ್ ದೇಶ "ನಾಳೆ ಕೊಡ್ತೀವಿ" ಅಂದಿದ್ದನ್ನ ನಂಬಿದೋರೆಲ್ಲ ಇನ್ನೂ ಬಂದರಲ್ಲಿ ಹಡಗು ಕಟ್ಕೊಂಡು ಬಾಯ್ ಬಾಯ್ ಬಿಡ್ತಿದಾರೆ. ಮೊದ್ಲು ಮುದ್ರೆ. ಆಮೇಲೆ ಹಂದಿ.

ಅರಿಸ್ತಿದೆಸ್ ಬಾಯಿ ತೆರೆದ. ಒದಾಲಿಸ್ ಮಾಂಸದ ತಟ್ಟೆಯ ಮುಚ್ಚಳವನ್ನು ಒಂಚೂರು ಎತ್ತಿದಳು. ಅವನು ಬಾಯಿ ಮುಚ್ಚಿ ಬ್ಯಾಗು ತೆರೆದ. ಒಣಗಿದ್ದ ಇಂಕು ಪವಾಡದಂತೆ ಹಸಿಯಾಗಿತ್ತು. ಟಪ್, ಟಪ್, ಟಪ್. ಪಡಸಾಲೆಯ ಮೂಟೆಗಳಾದವು, ಮಂಚದ ಕೆಳಗಿನವಕ್ಕೆ ಅವನು ಹೊಟ್ಟೆ ಎಳೆದುಕೊಂಡು ತೆವಳಿಯೇ ಹೋದ. ಒಂದೊಂದು ಟಪ್‌ಗೂ ರೆಂಬೆರ್ತೊ ಕಿವಿಯಲ್ಲಿ ಮೋಟಾರು ಗರಗಸ ಗುರ್ ಅನ್ನುತ್ತಿತ್ತು. ಮೈಯೆಲ್ಲ ಮಸಿಯಾದ ಇನ್ಸ್‌ಪೆಕ್ಟರ್ ಗೆರೆ ದಾಟಿ ಒಳಗೆ ಹೋಗಿ, ಕೂತು, ಮೊದಲ ತುತ್ತಿಗೆ ಕಣ್ಣು ಮುಚ್ಚಿದ.

ಖುಷಿ ತಾಳಲಾರದೆ ರೆಂಬೆರ್ತೊ ಕೂಡ ಕೈ ಒರೆಸಿಕೊಂಡು ಗೆರೆಯಾಚೆ ಕಾಲೆತ್ತಿದ.

ಒದಾಲಿಸ್: ಏಯ್, ನಿಲ್ಲು! ಎಲ್ಲಿಗೆ?

ರೆಂಬೆರ್ತೊ: ಊಟಕ್ಕೆ!

ಒದಾಲಿಸ್: ವೀಸಾ ಎಲ್ಲಿ?

ರೆಂಬೆರ್ತೊ: ವೀಸಾನಾ? ಮತ್ತೆ ಅವ್ರನ್ನ ಬಿಟ್ಟೆ?

ಒದಾಲಿಸ್: ಅವ್ರು ಸರ್ಕಾರಿ ನಿಯೋಗ. ಅವ್ರಿಗೆ ಯಾವ ದೇಶದಲ್ಲೂ ಬಾಗ್ಲು ಹಾಕಲ್ಲ.

ರೆಂಬೆರ್ತೊ: ಲೇ, ನಾನು ನಿನ್ ಗಂಡ ಕಣೆ!

ಒದಾಲಿಸ್ ಸೌಟು ತಿರುವುತ್ತ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

ಒದಾಲಿಸ್: ವೀಸಾ ಬೇಕಾದಾಗ ಎಲ್ರೂ ಹಂಗೇ ಅನ್ನೋದು.